ಕೂಲಿ ಕುಟುಂಬದ ಮಕ್ಕಳಿಗೆ ವಿದ್ಯಾರ್ಥಿವೇತನ: ಕರ್ನಾಟಕದಲ್ಲಿ ಅರ್ಜಿ ಹಾಕುವ ಪೂರ್ತಿ ದಾರಿ

ಹೊಲ, ಗದ್ದೆ, ತೋಟಗಳಲ್ಲಿ ಕೂಲಿ ಮಾಡುವವರ ಮಕ್ಕಳ ಓದಿಗೆ ಸರ್ಕಾರದ ಹಣ ಇದೆ. ಒಂದೇ ಯೋಜನೆಯಲ್ಲಿ ಅಲ್ಲ, ನಾಲ್ಕೈದು ಯೋಜನೆಗಳಲ್ಲಿ ಹಂಚಿಹೋಗಿದೆ. ಆದರೂ ಅರ್ಹರಾದ ಎಷ್ಟೋ ಮಕ್ಕಳ ಖಾತೆಗೆ ಅದು ಬೀಳುವುದೇ ಇಲ್ಲ. ಯಾಕೆ ಅಂತ ಕೆದಕಿದರೆ ಸಿಗುವ ಕಾರಣ ತೀರಾ ಸಣ್ಣದು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇರುತ್ತದೆ, ಅಂಕಪಟ್ಟಿಯಲ್ಲಿ ಹಿಂದೆ. ಆದಾಯ ಪ್ರಮಾಣಪತ್ರ ಅಪ್ಪನ ಹೆಸರಿನಲ್ಲಿ ಇರುತ್ತದೆ, ಬೇಕಾಗಿದ್ದು ಮಗಳ ಹೆಸರಿನಲ್ಲಿ. ಬ್ಯಾಂಕ್ ಖಾತೆ ಇರುತ್ತದೆ, ಆಧಾರ್ ಜೋಡಣೆ ಆಗಿರುವುದಿಲ್ಲ.

ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚಿನ ಕಾಗದದ ಕೆಲಸಕ್ಕೆ ವಾರಗಟ್ಟಲೆ ಬೇಕು. ಕೂಲಿ ಬಿಟ್ಟು ಕಚೇರಿಗೆ ಅಲೆಯುವ ಮನೆಗೆ ಒಂದೊಂದು ದಿನವೂ ದುಬಾರಿ. ಹಾಗಾಗಿ ಈ ಬರಹದಲ್ಲಿ ಪೋರ್ಟಲ್‌ಗಿಂತ ಕಾಗದದ ಬಗ್ಗೆಯೇ ಮಾತು ಜಾಸ್ತಿ.

ಮೊದಲು: ಯಾವ ಹಣ ನಿಮಗೆ ಸಿಗಬಹುದು?

ಎಲ್ಲರೂ ಕೇಳಿರುವ ಹೆಸರು ಮುಖ್ಯಮಂತ್ರಿ ರೈತ ವಿದ್ಯಾನಿಧಿ. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದ ಹೊಸದರಲ್ಲಿ ರೈತರ ಮಕ್ಕಳಿಗಾಗಿ ಶುರುವಾದ ಯೋಜನೆ ಇದು. ಆಮೇಲೆ ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳನ್ನೂ ಸೇರಿಸಿದರು. ಹಣ ಓದುವ ಕೋರ್ಸಿನ ಮೇಲೆ ನಿಂತಿದೆ. ಯೋಜನೆಯಲ್ಲಿ ನಿಗದಿ ಮಾಡಿದ ವಾರ್ಷಿಕ ಮೊತ್ತ ಹೀಗಿದೆ: ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ 2,500 ರೂಪಾಯಿ, ಹುಡುಗಿಯರಿಗೆ 3,000. ಬಿಎ, ಬಿಎಸ್‌ಸಿ, ಬಿಕಾಂ ತರಹದ ಪದವಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್, ಫಾರ್ಮಸಿ, ಪ್ಯಾರಾಮೆಡಿಕಲ್‌ಗೆ 7,500 ಮತ್ತು 8,000. ಎಂಬಿಬಿಎಸ್, ಎಂಜಿನಿಯರಿಂಗ್ ಮತ್ತು ಸ್ನಾತಕೋತ್ತರ ಓದಿಗೆ 10,000 ಮತ್ತು 11,000. ಪ್ರೌಢಶಾಲೆಯಲ್ಲಿ, ಅಂದರೆ 8ರಿಂದ 10ನೇ ತರಗತಿವರೆಗೆ, ಹುಡುಗಿಯರಿಗೆ 2,000.

ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ಹಾಗೆ ಮಾಡಬೇಡಿ. ಕೂಲಿ ಮಾಡುವ ಕುಟುಂಬ ಅನ್ನುವ ಕಾರಣಕ್ಕೆ ಸಿಗುವ ಹಣ ಒಂದು ಕಡೆ. ಜಾತಿ, ವರ್ಗ, ಆದಾಯದ ಮೇಲೆ ಸಿಗುವುದು ಇನ್ನೊಂದು ಕಡೆ. ಎಷ್ಟೋ ಸಲ ಈ ಎರಡನೆಯದೇ ದೊಡ್ಡದು. ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಹತ್ತನೇ ತರಗತಿ ನಂತರದ ಓದಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಕೇಂದ್ರದ ಈ ಯೋಜನೆಗೆ ಪೋಷಕರ ವಾರ್ಷಿಕ ಆದಾಯ 2.5 ಲಕ್ಷದೊಳಗೆ ಇರಬೇಕು. ಹಿಂದುಳಿದ ವರ್ಗದವರಿಗೆ ಮತ್ತು ಅಲ್ಪಸಂಖ್ಯಾತರಿಗೆ ಅವರವರ ಇಲಾಖೆಯಿಂದ ಬೇರೆ ಯೋಜನೆಗಳು ಇವೆ. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಸರ್ಕಾರಿ ಹಾಸ್ಟೆಲ್ ಸಿಗದೆ ಹೋದರೆ ವಿದ್ಯಾಸಿರಿ ಇದೆ. ಊಟ ಮತ್ತು ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು, ಒಟ್ಟು 15,000.

ಎಂಟನೇ ತರಗತಿಯ ಮಗು ಮನೆಯಲ್ಲಿದ್ದರೆ ಇನ್ನೊಂದು ಹೆಸರು ಬರೆದಿಟ್ಟುಕೊಳ್ಳಿ: ಎನ್‌ಎಂಎಂಎಸ್, ಅಂದರೆ ಬಡ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಎಂಟನೇ ತರಗತಿಯಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಅದರಲ್ಲಿ ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಆಯಿತು. ಪೋಷಕರ ಆದಾಯ 3.5 ಲಕ್ಷದೊಳಗಿರಬೇಕು. ಏಳನೇ ತರಗತಿಯಲ್ಲಿ ಶೇ 55 ಅಂಕ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50 ಸಾಕು. ಪರೀಕ್ಷೆಯಲ್ಲಿ ಬುದ್ಧಿಶಕ್ತಿಯ ಪ್ರಶ್ನೆ 90, ಪಾಠದ ಪ್ರಶ್ನೆ 90. ಅರ್ಜಿ ಹಾಕಬೇಕಾದ್ದು ಶಾಲೆಯ ಮೂಲಕ. ಕೆಲವು ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು ತಾವೇ ಮಕ್ಕಳನ್ನು ಕೂರಿಸಿ ತಯಾರಿ ಮಾಡಿಸುತ್ತಾರೆ. ಕೆಲವು ಕಡೆ ಯಾರೂ ಹೇಳುವುದೂ ಇಲ್ಲ. ಎಂಟನೇ ತರಗತಿಗೆ ಸೇರಿಸಿದ ತಿಂಗಳೇ ಹೋಗಿ ಕೇಳಿ. ಕೂಲಿ ಮನೆಯ ಮಗುವಿಗೆ ಸಿಗಬಹುದಾದ ಹಣದಲ್ಲಿ ಇಷ್ಟು ಗಟ್ಟಿಯಾದದ್ದು ಬೇರೆ ಕಡಿಮೆ ಅಂತ ನನ್ನ ಲೆಕ್ಕ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ ಕಾಫಿ ಮಂಡಳಿ ಶಿಷ್ಯವೇತನ ಕೊಡುತ್ತದೆ. ಇದಕ್ಕೆ ತೋಟದಲ್ಲಿ ಕೆಲಸ ಮಾಡುತ್ತಿರುವುದಕ್ಕೆ ಮಾಲೀಕರ ಅಥವಾ ತೋಟದ ಲೆಕ್ಕ ನೋಡುವ ರೈಟರ ದೃಢೀಕರಣ ಬೇಕಾಗುತ್ತದೆ. ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ಆ ವರ್ಷದ ಅರ್ಜಿ ನಮೂನೆ ಕೇಳಿ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಎಲ್ಲರೂ ಒಟ್ಟಿಗೆ ಕೇಳಿದರೆ ರೈಟರೂ ಬೇಗ ಬರೆದುಕೊಡುತ್ತಾರೆ, ಅದು ಬೇರೆ ವಿಷಯ.

ನೀವು 'ರೈತ'ರೋ 'ಕೃಷಿ ಕಾರ್ಮಿಕ'ರೋ?

ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕು. ವಿದ್ಯಾನಿಧಿಯಲ್ಲಿ ಎರಡಕ್ಕೂ ದಾರಿ ಬೇರೆ ಬೇರೆ.

ಸ್ವಂತ ಹೆಸರಿನಲ್ಲಿ ಹತ್ತು ಗುಂಟೆ ಇದ್ದರೂ ಸರ್ಕಾರದ ಕಣ್ಣಿಗೆ ನೀವು ರೈತರು, ವರ್ಷವಿಡೀ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದರೂ ಸರಿ. ಅಂಥವರು ಮಾಡಬೇಕಾದ ಕೆಲಸ ಒಂದೇ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಹೆಸರು ನೋಂದಾಯಿಸಿ, ಎಫ್‌ಐಡಿ ಅನ್ನುವ ರೈತರ ಗುರುತಿನ ಸಂಖ್ಯೆ ಪಡೆಯುವುದು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ರೈತರ ಮಕ್ಕಳಿಗೆ ಈ ಯೋಜನೆಯಲ್ಲಿ ಪ್ರತ್ಯೇಕ ಅರ್ಜಿ ಇಲ್ಲ. ಅಪ್ಪ ಅಥವಾ ಅಮ್ಮನ ಎಫ್‌ಐಡಿಯನ್ನೂ ಮಗುವಿನ ಓದಿನ ದಾಖಲೆಯನ್ನೂ ಆಧಾರ್ ಮೂಲಕ ಕಂಪ್ಯೂಟರ್ ತಾನೇ ಜೋಡಿಸಿ ನೋಡುತ್ತದೆ.

ತೊಡಕು ಬರುವುದು ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದಾಗ. ಉಳುಮೆ ಮಾಡುವವರು ನೀವು, ಪಹಣಿಯಲ್ಲಿ ಹೆಸರು ಅಜ್ಜನದು. ಆಗ ಎಫ್‌ಐಡಿ ಆಗುವುದಿಲ್ಲ. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರಿಗೆ ವರ್ಗಾಯಿಸಿ, ಹೆಸರು ಬದಲಾಯಿಸಿಕೊಳ್ಳಬೇಕು. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಅಣ್ಣತಮ್ಮಂದಿರ ನಡುವೆ ಮನಸ್ತಾಪ ಇದ್ದರೆ ಇದು ಎಳೆಯುತ್ತದೆ. ಆದರೂ ವಿದ್ಯಾರ್ಥಿವೇತನ ಒಂದಕ್ಕೇ ಅಲ್ಲ, ಬೆಳೆ ಪರಿಹಾರಕ್ಕೂ ಸಾಲಕ್ಕೂ ಇದು ಬೇಕೇ ಬೇಕು.

ಒಂದು ಗುಂಟೆಯೂ ಇಲ್ಲದವರಿಗೆ ಎಫ್‌ಐಡಿ ಇರುವುದಿಲ್ಲ. ನೀವು ಹೊಲದಲ್ಲಿ ದುಡಿಯುತ್ತೀರಿ ಅನ್ನುವುದನ್ನು ಬೇರೆ ದಾಖಲೆಯಿಂದ ತೋರಿಸಬೇಕು. ಆ ದಾಖಲೆಯೇ ಕೃಷಿ ಕಾರ್ಮಿಕ ದೃಢೀಕರಣ ಪತ್ರ.

ಕೃಷಿ ಕಾರ್ಮಿಕ ದೃಢೀಕರಣ ಪತ್ರ

ಇದನ್ನು ಕೊಡುವುದು ಕಂದಾಯ ಇಲಾಖೆ. ಅರ್ಜಿಯನ್ನು ನಾಡಕಚೇರಿಯಲ್ಲೇ ಹಾಕಬಹುದು. ಊರಲ್ಲಿ ಗ್ರಾಮ ಒನ್ ಕೇಂದ್ರ ಇದ್ದರೆ ಅಲ್ಲೂ ಆಗುತ್ತದೆ. ಆಧಾರ್, ರೇಷನ್ ಕಾರ್ಡ್, ಫೋನ್ ನಂಬರ್ ತೆಗೆದುಕೊಂಡು ಹೋಗಿ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇದ್ದರೆ ಅದೂ ಇರಲಿ. ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಕೊಡುವ ಇ-ಶ್ರಮ್ ಕಾರ್ಡ್ ಮಾಡಿಸಿದ್ದು, ಅದರಲ್ಲಿ ಉದ್ಯೋಗ ಕೃಷಿ ಕೂಲಿ ಅಂತ ಇದ್ದರೆ ಅದನ್ನೂ ತೋರಿಸಿ. ಕಡ್ಡಾಯ ಅಲ್ಲ, ಆದರೆ ಪರಿಶೀಲನೆಗೆ ಬರುವವರಿಗೆ ಅನುಕೂಲ.

ಅರ್ಜಿ ಹಾಕಿದ ಮೇಲೆ ಅದು ಗ್ರಾಮ ಆಡಳಿತ ಅಧಿಕಾರಿಗೆ ಹೋಗುತ್ತದೆ. ಊರಿನವರು ಇವತ್ತಿಗೂ ಶಾನುಭೋಗರು, ವಿಎ ಅಂತಲೇ ಕರೆಯುತ್ತಾರಲ್ಲ, ಅವರೇ. ಅವರು ವಿಚಾರಣೆ ಮಾಡಿ ವರದಿ ಕೊಡುತ್ತಾರೆ. ಅದು ಕಂದಾಯ ನಿರೀಕ್ಷಕರ ಕೈ ದಾಟಿ ಮೇಲೆ ಹೋಗುತ್ತದೆ. ಅರ್ಜಿ ಹಾಕಿದ ಮರುದಿನವೇ ಗ್ರಾಮ ಆಡಳಿತ ಅಧಿಕಾರಿಯನ್ನು ಒಮ್ಮೆ ಕಂಡು, 'ಸಾರ್, ಮಗಳ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೀನಿ' ಅಂತ ಹೇಳಿಬಿಡಿ. ಕೆಲಸದ ಹೊತ್ತಿನಲ್ಲಿ ಮನೆಗೆ ಬಂದು, ಬೀಗ ನೋಡಿ ವಾಪಸ್ ಹೋದರೆ ಅರ್ಜಿ ಅಲ್ಲೇ ಕೂರುತ್ತದೆ.

ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ. ಅದರಲ್ಲಿ ಸಕಾಲದ ಸಂಖ್ಯೆ ಇರುತ್ತದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಪ್ರತಿ ಪ್ರಮಾಣಪತ್ರಕ್ಕೂ ಇಂತಿಷ್ಟು ದಿನ ಅಂತ ಗಡುವು ಇದೆ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಆ ಪರಿಹಾರದ ದುಡ್ಡಿಗಿಂತ, ಕೌಂಟರಿನಲ್ಲಿ ಆ ಸಂಖ್ಯೆ ಹೇಳಿ ಕೇಳುವವರಿಗೆ ಸಿಗುವ ಉತ್ತರದ ಧಾಟಿಯೇ ಬೇರೆ ಇರುತ್ತದೆ.

ಪ್ರಮಾಣಪತ್ರದ ಮೇಲೆ 'ಆರ್‌ಡಿ' ಅಂತ ಶುರುವಾಗುವ ಉದ್ದದ ಸಂಖ್ಯೆ ಇರುತ್ತದೆ. ಜಾತಿ, ಆದಾಯ, ಕೃಷಿ ಕಾರ್ಮಿಕ ಪತ್ರ ಯಾವುದೇ ಇರಲಿ, ಆನ್‌ಲೈನ್ ಅರ್ಜಿಗೆ ಬೇಕಾಗಿರುವುದು ಈ ಸಂಖ್ಯೆ. ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಜಾತಿ ಮತ್ತು ಆದಾಯ ಪತ್ರ: ಯಾರ ಹೆಸರಿನಲ್ಲಿ?

ವಿದ್ಯಾರ್ಥಿಯ ಹೆಸರಿನಲ್ಲಿ. ಮೂವರು ಮಕ್ಕಳಿದ್ದರೆ ಮೂವರಿಗೂ ಬೇರೆ ಬೇರೆ. ಅಪ್ಪನ ಹೆಸರಿನ ಆದಾಯ ಪತ್ರ ಹಿಡಿದುಕೊಂಡು ಬಂದು, ಕೊನೆಯ ದಿನ ಪೋರ್ಟಲ್ 'ಹೆಸರು ಹೊಂದಿಕೆಯಾಗುತ್ತಿಲ್ಲ' ಅಂದಾಗ ತಲೆ ಮೇಲೆ ಕೈ ಇಟ್ಟು ಕೂರುವವರು ಪ್ರತಿ ವರ್ಷ ಇರುತ್ತಾರೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಮತ್ತು 2ಎ, 2ಬಿ, 3ಎ, 3ಬಿ ವರ್ಗದ ಜಾತಿ-ಆದಾಯ ಪತ್ರಕ್ಕೆ 5 ವರ್ಷ. ಎಂಟನೇ ತರಗತಿಯಲ್ಲಿ ಮಾಡಿಸಿದ ಪತ್ರ ಪದವಿಗೆ ಸೇರುವ ಹೊತ್ತಿಗೆ ಮುಗಿದಿರುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ರಜೆಯಲ್ಲಿ ದಿನಾಂಕ ನೋಡಿಬಿಡಿ. ಫಲಿತಾಂಶ ಬಂದ ಮೇಲೆ ನಾಡಕಚೇರಿ ಮುಂದೆ ಜಾತ್ರೆ.

ಆದಾಯ ಎಷ್ಟು ಬರೆಸಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಗಂಡ ಹೆಂಡತಿ ಇಬ್ಬರ ಕೂಲಿಯನ್ನೂ ವರ್ಷದ ಲೆಕ್ಕದಲ್ಲಿ ಹಿಡಿದು, ಇದ್ದದ್ದು ಹೇಳಿ. ವರ್ಷದಲ್ಲಿ ಕೆಲಸ ಸಿಗುವ ದಿನಗಳು ಎಷ್ಟು, ಮಳೆಗಾಲದಲ್ಲಿ, ಸುಗ್ಗಿಯಲ್ಲಿ ಕೂಲಿ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿಕೊಂಡು ಹೋದರೆ ಕೇಳಿದಾಗ ತಡವರಿಸಬೇಕಿಲ್ಲ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಆದಾಯ ಮಿತಿ 1.2 ಲಕ್ಷ. ಬಿಪಿಎಲ್ ಕಾರ್ಡ್ ಇರುವ ಮನೆಗೆ ಅದಕ್ಕಿಂತ ಹೆಚ್ಚಿನ ಆದಾಯ ಬರೆದ ಪತ್ರ ಬಂದರೆ ಮುಂದೆ ಪ್ರಶ್ನೆ ಏಳಬಹುದು. ಅಣ್ಣನ ಪತ್ರದಲ್ಲಿ ಒಂದು ಮೊತ್ತ, ಅದೇ ವರ್ಷ ಮಾಡಿಸಿದ ತಂಗಿಯ ಪತ್ರದಲ್ಲಿ ಇನ್ನೊಂದು ಮೊತ್ತ ಆಗದಂತೆಯೂ ನೋಡಿಕೊಳ್ಳಿ.

ಕಬ್ಬು ಕಡಿಯಲು, ಕಾಫಿ ಕೊಯ್ಯಲು ಜಿಲ್ಲೆ ಬಿಟ್ಟು ಹೋಗುವ ಕುಟುಂಬಗಳು ಇದನ್ನೆಲ್ಲ ಹೊರಡುವ ಮೊದಲೇ ಮಾಡಿಸಿಡಬೇಕು. ಪ್ರಮಾಣಪತ್ರ ಸಿಗುವುದು ನಿಮ್ಮ ಖಾಯಂ ವಿಳಾಸದ ನಾಡಕಚೇರಿಯಿಂದ. ದುಡಿಯಲು ಹೋದ ಊರಿನ ಅಧಿಕಾರಿಗೆ ನಿಮ್ಮ ಮನೆತನ ಗೊತ್ತಿರುವುದಿಲ್ಲ. ಬೇರೆ ರಾಜ್ಯದಿಂದ ಬಂದು ಇಲ್ಲಿ ದುಡಿಯುವ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ಹಣ ಕೊಡಬೇಕಾದ್ದು ಅವರ ತವರು ರಾಜ್ಯ. ಅವರು ಅರ್ಜಿಯನ್ನು ಅಲ್ಲಿನ ವ್ಯವಸ್ಥೆಯಲ್ಲೇ ಹಾಕಬೇಕು.

ಆಧಾರ್: ಹೆಸರು, ಬೆರಳಚ್ಚು, ಫೋನ್ ನಂಬರ್

ಮಗುವಿನ ಆಧಾರ್, ಶಾಲೆಯ ದಾಖಲೆ, ಪ್ರಮಾಣಪತ್ರ, ಪಾಸ್‌ಬುಕ್ ನಾಲ್ಕನ್ನೂ ನೆಲದ ಮೇಲೆ ಹರಡಿಕೊಳ್ಳಿ. ಹೆಸರಿನ ಪ್ರತಿ ಅಕ್ಷರ ಹೋಲಿಸಿ. ಇಂಗ್ಲಿಷಿನಲ್ಲಿ ಬರೆದ ಹೆಸರನ್ನೂ ನೋಡಿ, ಯಾಕಂದ್ರೆ ಕಂಪ್ಯೂಟರ್ ಹೋಲಿಸುವುದು ಅದನ್ನೇ. ಒಂದು ಕಡೆ 'ಮಂಜುನಾಥ ಎಚ್', ಇನ್ನೊಂದು ಕಡೆ 'ಮಂಜುನಾಥ ಹನುಮಂತಪ್ಪ', ಮತ್ತೊಂದು ಕಡೆ ಬರೀ 'ಮಂಜು' ಇದ್ದರೆ ಅವನು ಮೂರು ಹುಡುಗರಾಗಿಬಿಡುತ್ತಾನೆ.

ಯಾವುದನ್ನು ತಿದ್ದಿಸಬೇಕು? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವುದನ್ನು ಗಟ್ಟಿ ಅಂತ ಹಿಡಿಯಿರಿ. ಉಳಿದದ್ದನ್ನೆಲ್ಲ ಅದಕ್ಕೆ ಸರಿಯಾಗಿ ಬದಲಾಯಿಸಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ತಲೆನೋವು. ಮಗು ಇನ್ನೂ ಒಂಬತ್ತು, ಹತ್ತನೇ ತರಗತಿಯಲ್ಲಿದ್ದರೆ ಶಾಲೆಯಿಂದ ಮಂಡಳಿಗೆ ಹೆಸರು ಹೋಗುವ ಮುಂಚೆಯೇ ಶಾಲೆಯ ದಾಖಲೆ ಸರಿ ಮಾಡಿಸಿ. ಆಗ ಸುಲಭ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಹಾಗಾಗಿ ಸುಮ್ನೆ ಯಾರೋ ಹೇಳಿದರು ಅಂತ ತಿದ್ದಿಸಲು ಹೋಗಬೇಡಿ. ಏನು ಬರೆಸಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆಪರೇಟರ್ ಪರದೆ ತೋರಿಸಿದಾಗ ಅಕ್ಷರ ಅಕ್ಷರ ಓದಿ ನೋಡಿ. ಓದಲು ಬಾರದ ಅಪ್ಪ ಅಮ್ಮ ಮಗುವನ್ನೇ ಮುಂದೆ ನಿಲ್ಲಿಸಿ.

15 ವರ್ಷ ತುಂಬಿದಾಗ ಮಗುವಿನ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು ಆಧಾರ್‌ನಲ್ಲಿ ಹೊಸದಾಗಿ ಕೊಡಬೇಕು. 15ರಿಂದ 17ರ ಒಳಗೆ ಮಾಡಿಸಿದರೆ ಇದಕ್ಕೆ ಶುಲ್ಕ ಇಲ್ಲ. ಇದನ್ನು ಮರೆತವರಿಗೆ ಪಿಯುಸಿಗೆ ಸೇರುವ ಹೊತ್ತಿಗೆ ಬ್ಯಾಂಕಿನಲ್ಲೋ ಸೇವಾ ಕೇಂದ್ರದಲ್ಲೋ ಬೆರಳು ಹೊಂದದೆ ಕೆಲಸ ನಿಲ್ಲುತ್ತದೆ. ಅದೇ ಭೇಟಿಯಲ್ಲಿ ಫೋನ್ ನಂಬರನ್ನೂ ಜೋಡಿಸಿ. ಒಟಿಪಿ ಬರುವುದು ಆ ನಂಬರಿಗೆ. ರೀಚಾರ್ಜ್ ಇಲ್ಲದೆ ನಿಂತುಹೋದ ಸಿಮ್ಮಿನ ನಂಬರ್ ಕೊಟ್ಟರೆ ಪ್ರಯೋಜನ ಇಲ್ಲ. ಮನೆಯಲ್ಲಿ ಯಾವ ನಂಬರ್ ಖಾಯಂ ಉಳಿಯುತ್ತದೋ ಅದನ್ನೇ ಕೊಡಿ.

ಬ್ಯಾಂಕ್ ಖಾತೆ: ಇಲ್ಲೇ ಜಾಸ್ತಿ ಹಣ ಸಿಕ್ಕಿಬೀಳುವುದು

ವಿದ್ಯಾರ್ಥಿವೇತನ ಬರುವುದು ನೇರ ನಗದು ವರ್ಗಾವಣೆಯಲ್ಲಿ, ಅಂದರೆ ಡಿಬಿಟಿಯಲ್ಲಿ. ಸರ್ಕಾರ ಖಾತೆ ಸಂಖ್ಯೆ ನೋಡಿ ಹಣ ಹಾಕುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಹಾಕುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅನ್ನುವುದು ಎನ್‌ಪಿಸಿಐ ಅನ್ನುವ ಸಂಸ್ಥೆಯ ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಮೂರು ಖಾತೆ ಇದ್ದರೂ ಹಣ ಹೋಗುವುದು ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ.

ಎಡವುವುದು ಇಲ್ಲೇ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿರುತ್ತೀರಿ. ಅವರು ಅದನ್ನು ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ದಾಖಲೆಗೆ, ಸೇರಿಸಿರುತ್ತಾರೆ. 'ಲಿಂಕ್ ಆಗಿದೆ' ಅನ್ನುತ್ತಾರೆ. ಅದು ನಿಜವೇ. ಆದರೆ ಎನ್‌ಪಿಸಿಐ ಪಟ್ಟಿಗೆ ಸೇರಿಸುವುದು ಬೇರೆ ಕೆಲಸ, ಅದಕ್ಕೆ ಬೇರೆ ಒಪ್ಪಿಗೆ ಪತ್ರ ಬೇಕು. ಬ್ಯಾಂಕಿನಲ್ಲಿ ಹೀಗೆ ಕೇಳಿ: 'ಡಿಬಿಟಿ ಹಣ ಬರೋದಕ್ಕೆ ಆಧಾರ್ ಸೀಡಿಂಗ್ ಮಾಡಿಕೊಡಿ, ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು.' ಈ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದರೂ ಪರವಾಗಿಲ್ಲ. ನಾಲ್ಕೈದು ದಿನ ಬಿಟ್ಟು 'ಮೈ ಆಧಾರ್' ತಾಣದಲ್ಲಿ ಒಟಿಪಿ ಹಾಕಿ ಒಳಗೆ ಹೋಗಿ, ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ. ಬ್ಯಾಂಕಿನ ಹೆಸರು ಕಾಣಬೇಕು, ಸ್ಥಿತಿ ಸಕ್ರಿಯ ಅಂತ ಇರಬೇಕು.

ಬ್ಯಾಂಕು ದೂರ ಇದ್ದರೆ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಅಲ್ಲೇ ಸೀಡಿಂಗ್ ಮಾಡಿಸಬಹುದು. ಒಂದೇ ಎಚ್ಚರ: ಹೊಸ ಖಾತೆಗೆ ಜೋಡಿಸಿದರೆ ಆ ಆಧಾರ್‌ಗೆ ಬರುವ ಬೇರೆ ಸರ್ಕಾರಿ ಹಣವೂ ಅಲ್ಲಿಗೇ ಹೋಗುತ್ತದೆ. ವಿದ್ಯಾರ್ಥಿಯ ಖಾತೆ ಅಪ್ರಾಪ್ತರ ಖಾತೆಯಾಗಿದ್ದರೆ 18 ತುಂಬಿದ ಮೇಲೆ ಬ್ಯಾಂಕಿಗೆ ಹೋಗಿ ಹೊಸ ಸಹಿ, ಹೊಸ ಕೆವೈಸಿ ಕೊಡಬೇಕು. ಇಲ್ಲದಿದ್ದರೆ ಪದವಿಯ ಮೊದಲ ವರ್ಷದ ಹಣ ಬರುವ ಹೊತ್ತಿಗೆ ವ್ಯವಹಾರ ನಿಂತಿರುತ್ತದೆ.

ಈಗ ಅರ್ಜಿ: ಎಸ್‌ಎಸ್‌ಪಿ ಪೋರ್ಟಲ್

ರಾಜ್ಯ ಸರ್ಕಾರದ ಬಹುತೇಕ ವಿದ್ಯಾರ್ಥಿವೇತನಕ್ಕೆ ಒಂದೇ ಬಾಗಿಲು. ಅದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಹತ್ತನೇ ತರಗತಿವರೆಗೆ ಮೆಟ್ರಿಕ್ ಪೂರ್ವ ವಿಭಾಗ, ಮುಂದಿನ ಓದಿಗೆ ಮೆಟ್ರಿಕ್ ನಂತರದ ವಿಭಾಗ. ಒಂದೇ ಅರ್ಜಿ ಹಾಕಿದರೆ ಅದು ನಿಮ್ಮ ವರ್ಗಕ್ಕೆ ತಕ್ಕ ಇಲಾಖೆಗೆ ತಾನೇ ಹೋಗುತ್ತದೆ. ವಿಳಾಸದ ಕೊನೆಯಲ್ಲಿ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಇದ್ದರೆ ಮಾತ್ರ ಸರ್ಕಾರದ್ದು. ಇದೇ ಹೆಸರಿನ ಬೇರೆ ತಾಣಗಳಿಗೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕಿಗೆ ಆಧಾರ್ ಸಂಖ್ಯೆ ಕೊಡಬೇಡಿ. ಅರ್ಜಿಗೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ. ಸೇವಾ ಕೇಂದ್ರದವರು ಟೈಪ್ ಮಾಡಿದ್ದಕ್ಕೆ ಕೇಳುವ ದುಡ್ಡು ಬೇರೆ.

ಮೊದಲು ವಿದ್ಯಾರ್ಥಿಯ ಆಧಾರ್ ಕೊಟ್ಟು ಖಾತೆ ತೆರೆಯಬೇಕು. ಆಗ ಒಂದು ಎಸ್‌ಎಸ್‌ಪಿ ಐಡಿ ಸಿಗುತ್ತದೆ. ಐಡಿಯನ್ನೂ ಪಾಸ್‌ವರ್ಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೈಬರ್ ಅಂಗಡಿಯವರ ಬಳಿ ಮಾತ್ರ ಇದ್ದರೆ ಮುಂದಿನ ವರ್ಷ ಅವರನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ, ಅಲ್ವಾ?

ಆಮೇಲೆ ಅಪ್ಪ ಅಮ್ಮನ ವಿವರ, ಆಧಾರ್, ಜಾತಿ ಮತ್ತು ಆದಾಯ ಪತ್ರದ ಆರ್‌ಡಿ ಸಂಖ್ಯೆ, ಓದುತ್ತಿರುವ ಕಾಲೇಜು ಮತ್ತು ಕೋರ್ಸು, ನೋಂದಣಿ ಸಂಖ್ಯೆ, ಕಟ್ಟಿದ ಶುಲ್ಕ, ಹಾಸ್ಟೆಲ್ಲೋ ಮನೆಯಿಂದ ಓಡಾಟವೋ ಅನ್ನುವುದನ್ನೆಲ್ಲ ತುಂಬಬೇಕು. ಶಾಲೆಯ ಮಕ್ಕಳಿಗಾದರೆ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆ, ಬೇಕು. ಅದು ಶಾಲೆಯಲ್ಲಿ ಸಿಗುತ್ತದೆ. ತಂದೆ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಇಟ್ಟುಕೊಂಡಿರಿ. ಹಾಸ್ಟೆಲ್ ವಿಷಯದಲ್ಲಿ ಸುಳ್ಳು ಬರೆಯಬೇಡಿ. ಸರ್ಕಾರಿ ಹಾಸ್ಟೆಲ್‌ಗಳ ಪಟ್ಟಿಯೂ ಸರ್ಕಾರದ ಬಳಿಯೇ ಇದೆ.

ಕಾಲೇಜು ವಿದ್ಯಾರ್ಥಿಗಳು ಮರೆಯಬಾರದ ಒಂದು ಹೆಜ್ಜೆ ಇ-ದೃಢೀಕರಣ. ಹಿಂದಿನ ವರ್ಷದ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿಯಂಥ ದಾಖಲೆಗಳನ್ನು ಕಾಲೇಜಿನಲ್ಲಿ ಇದಕ್ಕೆ ಅಂತಲೇ ನೇಮಿಸಿದ ಅಧಿಕಾರಿ ಮೂಲಪ್ರತಿ ನೋಡಿ ಆನ್‌ಲೈನಿನಲ್ಲಿ ದೃಢೀಕರಿಸುತ್ತಾರೆ. ಒಂದೊಂದು ದಾಖಲೆಗೂ ಒಂದು ಸಂಖ್ಯೆ ಬರುತ್ತದೆ. ಅದನ್ನು ಅರ್ಜಿಯಲ್ಲಿ ಹಾಕಬೇಕು. ಕೊನೆಯ ವಾರ ಆ ಅಧಿಕಾರಿಯ ಮೇಜಿನ ಮುಂದೆ ಸಾಲು ನಿಂತಿರುತ್ತದೆ. ಬೇಗ ಹೋದವರಿಗೆ ಒಂದು ದಿನದಲ್ಲಿ ಆಗುವ ಕೆಲಸ ಇದು.

ಕೃಷಿ ಕಾರ್ಮಿಕ ಪತ್ರ ಮಾಡಿಸಿದವರು ಅದರ ಒಂದು ಪ್ರತಿಯನ್ನು ಶಾಲೆ ಅಥವಾ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಕೊಟ್ಟು, ವಿದ್ಯಾನಿಧಿಗೆ ಆ ವರ್ಷ ಆರ್‌ಡಿ ಸಂಖ್ಯೆಯನ್ನು ಎಲ್ಲಿ ನಮೂದಿಸಬೇಕು ಅಂತ ಕೇಳಿ ನಮೂದಿಸಿಕೊಳ್ಳಿ. ಕಾಲೇಜಿನವರಿಗೆ ಗೊತ್ತಿಲ್ಲದಿದ್ದರೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಯೋಜನೆ ಕೃಷಿ ಇಲಾಖೆಯದು. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಇದೆಯಾ ಅಂತಲೂ ನೋಡಿ. ಕುಟುಂಬದ ಸದಸ್ಯರನ್ನು ಗುರುತಿಸುವ ಸರ್ಕಾರದ 'ಕುಟುಂಬ' ದತ್ತಾಂಶಕ್ಕೆ ರೇಷನ್ ಕಾರ್ಡೇ ಬುಡ.

ಕೇಂದ್ರದ ಎನ್‌ಎಂಎಂಎಸ್ ಹಣಕ್ಕೆ ಎಸ್‌ಎಸ್‌ಪಿ ಸಾಲದು. ಪರೀಕ್ಷೆಯಲ್ಲಿ ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಒಂದು ಬಾರಿಯ ನೋಂದಣಿ ಮಾಡಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಪರೀಕ್ಷೆ ಗೆದ್ದು, ನೋಂದಣಿ ಮಾಡದೆ ಹಣ ಕಳೆದುಕೊಳ್ಳುವ ಮಕ್ಕಳೂ ಇದ್ದಾರೆ. ಹೊಟ್ಟೆ ಉರಿಯುವ ವಿಷಯ ಅದು.

ಕೂಲಿ ಮಾಡುವವರೇ ಓದಬೇಕೆಂದರೆ

ಶಾಲೆ ಬಿಟ್ಟು ಕೂಲಿಗೆ ಇಳಿದವರು ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿಗೆ 14 ವರ್ಷ ತುಂಬಿದ್ದರೆ ಸಾಕು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಹತ್ತು ಪಾಸಾದ ಮೇಲೆ ಐಟಿಐ, ಡಿಪ್ಲೊಮಾ ಸೇರಿದರೆ ಮೇಲೆ ಹೇಳಿದ ಮೆಟ್ರಿಕ್ ನಂತರದ ಯೋಜನೆಗಳ ಬಾಗಿಲು ತೆರೆಯುತ್ತದೆ. ಕಾಗದಪತ್ರದ ದಾರಿ ಅದೇ.

ಅರ್ಜಿ ಹಾಕಿದ ಮೇಲೆ

ಸ್ವೀಕೃತಿಯನ್ನು ಮುದ್ರಿಸಿ ಕಾಲೇಜಿಗೆ ಒಂದು ಕೊಡಿ, ಮನೆಯಲ್ಲಿ ಒಂದು ಇಡಿ. ತಿಂಗಳಿಗೊಮ್ಮೆ ಪೋರ್ಟಲ್‌ನಲ್ಲಿ ಅರ್ಜಿಯ ಸ್ಥಿತಿ ನೋಡಿ. ಕಾಲೇಜಿನ ಹಂತದಲ್ಲೇ ಬಾಕಿ ಇದ್ದರೆ ಹೋಗಿ ನೆನಪಿಸಿ. ಇಲಾಖೆಯ ಹಂತದಲ್ಲಿ ತಿರಸ್ಕಾರ ಆಗಿದ್ದರೆ ಕಾರಣ ಓದಿ, ಅದನ್ನು ಫೋಟೋ ತೆಗೆದುಕೊಂಡು ತಾಲ್ಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಗೆ ಹೋಗಿ. ಫೋನಿನಲ್ಲಿ 'ಡಿಬಿಟಿ ಕರ್ನಾಟಕ' ಆ್ಯಪ್ ಹಾಕಿಕೊಂಡರೆ ಯಾವ ಯೋಜನೆಯ ಹಣ ಯಾವ ದಿನ ಯಾವ ಬ್ಯಾಂಕಿಗೆ ಬಿದ್ದಿದೆ ಅಂತ ಕಾಣುತ್ತದೆ. 'ಹಣ ಬಂದೇ ಇಲ್ಲ' ಅನ್ನುವವರಲ್ಲಿ ಕೆಲವರಿಗೆ ಅದು ಮರೆತುಹೋದ ಯಾವುದೋ ಹಳೆಯ ಖಾತೆಯಲ್ಲಿ ಕೂತಿರುವುದು ಗೊತ್ತಾಗುವುದೇ ಇಲ್ಲಿ.

ವಾರಗಟ್ಟಲೆ ಅಲೆದರೂ ಉತ್ತರ ಸಿಗದಿದ್ದರೆ 1902ಕ್ಕೆ ಫೋನ್ ಮಾಡಿ. ಅದು ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: 'ಇಂಥ ಸಂಖ್ಯೆಯ ಅರ್ಜಿ ಈಗ ಯಾವ ಅಧಿಕಾರಿಯ ಬಳಿ ಇದೆ, ಎಂದಿನಿಂದ ಇದೆ, ತಿರಸ್ಕಾರವಾಗಿದ್ದರೆ ಕಾರಣವೇನು?' ಇಷ್ಟೇ ಕೇಳಿದರೆ ಸಾಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಎಸ್‌ಎಸ್‌ಪಿ ಸ್ವೀಕೃತಿಯ ಜೊತೆಗೇ ಪಿನ್ ಮಾಡಿಡಿ.